ನಾಲ್ಕು ಊರು, ನಾಲ್ಕು ತರಗತಿ

ಸೈಕಲ್ ಒಮ್ಮೆ ಕಲಿತರೆ ಮರೆಯುವುದಿಲ್ಲ ಎಂಬ ಮಾತು ಅರ್ಧ ನಿಜ. ಬ್ಯಾಲೆನ್ಸ್ ಮರೆಯುವುದಿಲ್ಲ. ಆದರೆ ಮಂಡಿ, ಸೊಂಟ, ಉಸಿರು ಮೂರೂ ಮರೆತಿರುತ್ತವೆ. ಎಪ್ಪತ್ತು ದಾಟಿದ ಮೇಲೆ ಮತ್ತೆ ಸೈಕಲ್ ಹತ್ತುತ್ತೇನೆ ಎಂದಾಗ ನಮ್ಮ ಮನೆಯವರು ಹೆದರಿದ್ದು ಇದಕ್ಕೇ. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಮೊದಲಿನಂತೆ ಓಡಾಡುವುದು ಕಷ್ಟ. ಆ ಹೆದರಿಕೆ ಸುಳ್ಳಲ್ಲ. ಹಾಗೆಂದು ಆಸೆ ಬಿಡಬೇಕಾಗಿಲ್ಲ, ಒಂದನೇ ಕ್ಲಾಸಿನಿಂದ ಶುರು ಮಾಡಿದರಾಯಿತು. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಅದಕ್ಕೆ ಹೇಳಿ ಮಾಡಿಸಿದ ನಾಲ್ಕು ತರಗತಿಗಳು.

ಇಲ್ಲಿ ನೆಲವೇ ಮೇಷ್ಟ್ರು. ಸಮುದ್ರಮಟ್ಟದಿಂದ ರಾಮನಗರ ಸುಮಾರು 750 ಮೀಟರ್ ಎತ್ತರದಲ್ಲಿದೆ. ಚನ್ನಪಟ್ಟಣ 740, ಕನಕಪುರ 640, ಮಾಗಡಿ 925. ಬಸ್ಸಿನಲ್ಲಿ ಕುಳಿತವರಿಗೆ ಈ ವ್ಯತ್ಯಾಸ ತಿಳಿಯದು. ಪೆಡಲ್ ತುಳಿಯುವವರ ತೊಡೆಗೆ ಚೆನ್ನಾಗಿ ತಿಳಿಯುತ್ತದೆ.

ಹೊರಡುವ ಮೊದಲು ಸ್ವಲ್ಪ ಸಿದ್ಧತೆ. ಹೊಸ ಸೈಕಲ್ಲೇ ಬೇಕೆಂದಿಲ್ಲ. ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಅಂಥ ಒಂದು ಎಷ್ಟೋ ಮನೆಗಳ ಹಿತ್ತಲಲ್ಲಿ ಇನ್ನೂ ಇರುತ್ತದೆ. ಬ್ರೇಕು, ಚೈನು, ಟೈರು ನೋಡಿಸಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಚೂರೇ ಬಾಗಿರುವಷ್ಟು ಸೀಟು ಎತ್ತರಿಸಿ. ಹಿಂದಿನಿಂದ ಕಾಲೆತ್ತಿ ಹತ್ತಲಾಗದವರು ಅಡ್ಡ ಬಾರಿಲ್ಲದ ಲೇಡೀಸ್ ಸೈಕಲ್ ಹಿಡಿಯಲಿ, ಅದರಲ್ಲಿ ನಾಚಿಕೆಯಿಲ್ಲ. ಬಿ.ಪಿ., ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಬೇಕು. ಹೆಲ್ಮೆಟ್ ಅಜ್ಜನಿಗೂ ಬೇಕು, ಮೊಮ್ಮಗಳಿಗೂ ಬೇಕು.

ಮಕ್ಕಳೇ, ನಿಮಗೊಂದು ಕೆಲಸ. ಪಕ್ಕದಲ್ಲಿ ತುಳಿಯುತ್ತಾ ತಾತನಿಂದ ಕಥೆ ಹೇಳಿಸಿ. ಕಥೆ ಸರಾಗವಾಗಿ ಸಾಗಿದರೆ ವೇಗ ಸರಿಯಾಗಿದೆ. ಮಾತು ತುಂಡಾಗಿ ಏದುಸಿರು ಬಂದರೆ ನಿಧಾನಿಸಿ ಎಂದು ಅರ್ಥ.

ಒಂದನೇ ತರಗತಿ ರಾಮನಗರ. ವಾಹನ ಕಡಿಮೆ ಇರುವ ಬೆಳಗಿನ ಹೊತ್ತು ಪೇಟೆಯ ಒಳರಸ್ತೆಗಳಲ್ಲಿ ಇಪ್ಪತ್ತು ನಿಮಿಷ ಸಾಕು. ರೇಷ್ಮೆ ಗೂಡಿನ ಮಾರುಕಟ್ಟೆಗೆ ರೈತರು ಗೂಡು ತರುವುದನ್ನು ನೋಡಬಹುದು. ಹದಿನೈದು ದಿನ ಕಳೆದ ಮೇಲೆ ರಾಮದೇವರ ಬೆಟ್ಟದ ಬುಡದವರೆಗೆ ಹೋಗಿ. ‘ಶೋಲೆ’ ಚಿತ್ರದ ಬಂಡೆಗಳೆಂದು ಎಲ್ಲರಿಗೂ ಗೊತ್ತು. ಆದರೆ ಆ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಇಂದಿಗೂ ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಇದರ ಮುಂದೆ ತಾತನೂ ಮಗುವೇ! ಈ ಬೆಟ್ಟ ಉದ್ದ ಕೊಕ್ಕಿನ ರಣಹದ್ದುಗಳ ನೆಲೆ. 2012ರಲ್ಲಿ ಇದನ್ನು ರಣಹದ್ದು ಧಾಮವೆಂದು ಘೋಷಿಸಿದರು. ಗಲಾಟೆ ಮಾಡದೆ ಆಕಾಶ ನೋಡಿ.

ಎರಡನೇ ತರಗತಿ ಚನ್ನಪಟ್ಟಣ, ಸುಮಾರು 12 ಕಿಲೋಮೀಟರ್. ಹೆಚ್ಚು ಏರಿಳಿತವಿಲ್ಲ. ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್, ಬೈಕುಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಊರೊಳಗಿನ ಹಳೆಯ ರಸ್ತೆಯೇ ನಮ್ಮದು. ನಡುವೆ ಕೆಂಗಲ್ ಆಂಜನೇಯನಿಗೆ ಕೈಮುಗಿದು ನೀರು ಕುಡಿಯಿರಿ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಯಂತ್ರಕ್ಕೆ ಕಟ್ಟಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತುತ್ತದೆ. ಬ್ರೇಕು ಹಿಡಿದಾಗ ಚಕ್ರ ಬಿಸಿಯಾಗುವುದೂ ಇದೇ ಘರ್ಷಣೆಯಿಂದ.

ಮೂರನೇ ತರಗತಿ ಕನಕಪುರ. ಇಲ್ಲಿ ಪರೀಕ್ಷೆ ಇರುವುದು ಹೋಗುವಾಗ ಅಲ್ಲ, ಬರುವಾಗ. ಅರ್ಕಾವತಿ ನದಿ ಮಂಚನಬೆಲೆ, ರಾಮನಗರ ದಾಟಿ ಕನಕಪುರದ ಕಡೆ ಹರಿಯುತ್ತದೆ. ನೀರು ಹರಿಯುವ ಕಡೆ ಹೋಗುವುದು ಹಗುರ. ಹೋಗುವಾಗ ಸಿಕ್ಕ ನೂರು ಮೀಟರ್ ಇಳಿಜಾರನ್ನು ಬರುವಾಗ ಹತ್ತಿ ತೀರಿಸಬೇಕು. ಆದ್ದರಿಂದ ಮೊದಲ ಸಲ ದಾರಿಯ ಮಧ್ಯದ ಯಾವುದಾದರೂ ಹಳ್ಳಿಯಲ್ಲಿ ಟೀ ಕುಡಿದು ಹಿಂದಿರುಗಿ. ಅರ್ಧಕ್ಕಿಂತ ಹೆಚ್ಚು ಶಕ್ತಿ ವಾಪಸಿಗೆ ಉಳಿಸಿಕೊಳ್ಳಿ. ಅರ್ಕಾವತಿ ಕಾವೇರಿಗೆ ಸೇರುವ ಸಂಗಮ ಚೆಂದವೇ, ಆದರೆ ಕನಕಪುರದಾಚೆ ಅದು ಆನೆಗಳಿರುವ ಕಾಡಿನ ದಾರಿ. ಅಲ್ಲಿಗೆ ಬಸ್ಸೋ ಕಾರೋ ಸರಿ.

ನಾಲ್ಕನೆಯದು ಮಾಗಡಿ. ಬೆಂಗಳೂರು ಕೈತಪ್ಪಿದ ಮೇಲೆ ಕೆಂಪೇಗೌಡರ ವಂಶದವರು ಆಳಿದ್ದು ಇಲ್ಲಿಂದಲೇ. ಆ ಸೀಮೆಯಲ್ಲಿ 1,226 ಮೀಟರ್ ಎತ್ತರದ ಸಾವನದುರ್ಗ ಒಂದೇ ಬಂಡೆಯಂತೆ ಎದ್ದು ನಿಂತಿದೆ. ರಾಮನಗರದಿಂದ ಮಾಗಡಿಗೆ ಒಟ್ಟು ನೂರೆಪ್ಪತ್ತೈದು ಮೀಟರ್ ಏರು. ಇದನ್ನು ಮೂರು ತರಗತಿ ಮುಗಿಸಿದವರು ಮಾತ್ರ, ಇಡೀ ದಿನ ಇಟ್ಟುಕೊಂಡು, ಹೋಗಬೇಕು. ನಾನು ಇನ್ನೂ ಪೂರ್ತಿ ಪಾಸಾಗಿಲ್ಲ. ಏರಿನಲ್ಲಿ ಕಥೆ ನಿಂತುಬಿಡುತ್ತದೆ. ಆಗ ಇಳಿದು ಸೈಕಲ್ ತಳ್ಳಿಕೊಂಡು ನಡೆಯುತ್ತೇನೆ. ಇಳಿಯುವುದು ಸೋಲಲ್ಲ, ಬೀಳುವ ಮೊದಲು ಇಳಿಯಲು ತಿಳಿದಿರುವುದೇ ಈ ವಯಸ್ಸಿನ ಸವಾರಿ. ತಳ್ಳಿಕೊಂಡು ನಡೆಯುವಾಗ ಹೊಲದ ರಾಗಿ, ಹಿಪ್ಪುನೇರಳೆ ತೋಟ, ಬೇಲಿಯ ಹಕ್ಕಿ ಎಲ್ಲ ಹತ್ತಿರದಿಂದ ಕಾಣುತ್ತವೆ. ಅಷ್ಟರಲ್ಲಿ ಉಸಿರು ಹದಕ್ಕೆ ಬರುತ್ತದೆ, ನಿಂತ ಕಥೆ ಮುಂದುವರಿಯುತ್ತದೆ.