ಒಪ್ಪಿಕೊಳ್ಳುವ ಮಾತು

ಸೆಮಿನರಿ ಸೇರಿದ ಮೊದಲ ವರ್ಷ. ಕನ್ನಡ ಶಾಲೆಯಿಂದ ಬಂದಿದ್ದ ನನಗೆ ಇಂಗ್ಲಿಷ್ ಇನ್ನೂ ಒಗ್ಗಿರಲಿಲ್ಲ. ಒಂದು ಸಂಜೆ ನಾನು ಒದ್ದ ಚೆಂಡು ಮೊಗಸಾಲೆಯ ಗಡಿಯಾರಕ್ಕೆ ಬಡಿದು ಗಾಜು ಒಡೆಯಿತು. ಯಾರೂ ನೋಡಲಿಲ್ಲವೆಂದು ಭಾವಿಸಿದೆ. ರಾತ್ರಿ ಊಟವಾದ ಮೇಲೆ ಗುರುಗಳು ಎದ್ದು ನಿಂತು, ಇದನ್ನು ಮಾಡಿದವರು 'ಓನ್ ಅಪ್' ಮಾಡಲಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ತಲೆ ತಗ್ಗಿಸಿ ಕುಳಿತೆ.

'ಓನ್' ಎಂದರೆ ಒಡೆತನ ಹೊಂದು. 'ಅಪ್' ಎಂದರೆ ಮೇಲೆ. ಎರಡನ್ನೂ ಕೂಡಿಸಿದರೂ ಅರ್ಥ ಹೊಳೆಯಲಿಲ್ಲ. ಮರುದಿನ ನಿಘಂಟು ತೆರೆದೆ: ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವುದು. ಭಾಷೆ ಬಾರದೆಂಬ ನೆಪ ಅಲ್ಲಿಗೆ ಮುಗಿಯಿತು. ಆದರೂ ನಾನು ಬಾಯಿ ತೆರೆಯಲಿಲ್ಲ. ಗಡಿಯಾರಕ್ಕೆ ಕೀಲಿ ಕೊಡುವ ಹೊಣೆ ಹೊತ್ತಿದ್ದ ಸಹಪಾಠಿಯ ಮೇಲೆ ಅನುಮಾನ ಬಿತ್ತು. ಒಂದು ತಿಂಗಳು ಅವನಿಗೆ ಆಟ ನಿಷಿದ್ಧವಾಯಿತು.

ಇಂಗ್ಲಿಷ್ ಕಲಿತಂತೆ ಆ ನುಡಿಗಟ್ಟಿನ ಗುಣ ತಿಳಿಯತೊಡಗಿತು. ಅದು ನ್ಯಾಯಾಲಯದ ಗಂಭೀರ ಪದವಲ್ಲ. ಮನೆಯ, ತರಗತಿಯ ಆಡುಮಾತು. ಯಾವ ತಪ್ಪೆಂದು ಹೇಳಬೇಕಾದರೆ 'ಓನ್ ಅಪ್ ಟು' ಎಂದು 'ಟು' ಸೇರಿಸಬೇಕು. 'ಅಡ್ಮಿಟ್' ಎಂಬುದು ಸಾಕ್ಷ್ಯಕ್ಕೆ ಮಣಿದು ಒಪ್ಪುವುದಕ್ಕೂ ಸಲ್ಲುತ್ತದೆ. 'ಓನ್ ಅಪ್' ಎಂಬಲ್ಲಿ ತಾನಾಗಿ ಮುಂದೆ ಬಂದು ಹೇಳುವ ಧ್ವನಿಯಿದೆ. ಪರರ ತಪ್ಪಿಗೆ ಅದನ್ನು ಬಳಸಲಾಗದು. 'ಓನ್' ಪದಕ್ಕೆ ಒಪ್ಪು ಎಂಬ ಅರ್ಥ ಹಿಂದೆಯೇ ಇತ್ತು; 'ಅಪ್' ಜೊತೆಗೂಡಿದ ಈ ಪ್ರಯೋಗ ರೂಢಿಗೆ ಬಂದದ್ದು 19ನೆಯ ಶತಮಾನದಲ್ಲಿ.

ನಮ್ಮ ಕನ್ನಡದಲ್ಲಿ ಆ ಕೆಲಸವನ್ನು 'ಕೊಳ್ಳು' ಮಾಡುತ್ತದೆ. ಯಾರ ಮಾತನ್ನಾದರೂ 'ಒಪ್ಪ'ಬಹುದು, ತಪ್ಪನ್ನಾದರೋ 'ಒಪ್ಪಿಕೊಳ್ಳ'ಬೇಕು. ಕೊಳ್ಳುವುದೆಂದರೆ ಸ್ವೀಕರಿಸುವುದು. ಅನಾಥವಾಗಿ ಬಿದ್ದಿರುವ ತಪ್ಪನ್ನು ಎತ್ತಿಕೊಂಡು, ಇದು ನನ್ನದು ಎನ್ನುವುದು.

ಪಾಪನಿವೇದನೆಯಲ್ಲಿ ನಾನು ಈ ವಿಷಯವನ್ನು ಎಂದೋ ಹೇಳಿದ್ದೆ. ಆದರೆ ಶಿಕ್ಷೆ ಅನುಭವಿಸಿದವನಿಗೆ ಹೇಳಿರಲಿಲ್ಲ. ಅವನು ಸೆಮಿನರಿ ಬಿಟ್ಟು ಸಂಸಾರಸ್ಥನಾದ. 30 ವರ್ಷಗಳು ಕಳೆದ ಮೇಲೆ ಒಂದು ಮದುವೆಯ ಮನೆಯಲ್ಲಿ ಭೇಟಿಯಾದಾಗ, ಅವನನ್ನು ಪಕ್ಕಕ್ಕೆ ಕರೆದು, "ಆ ಗಡಿಯಾರದ ಗಾಜು ಒಡೆದವನು ನಾನು" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಗೊತ್ತಿತ್ತು ಫಾದರ್. ಕಿಟಕಿಯಿಂದ ನೋಡಿದ್ದೆ. ನೀವೇ ಹೇಳುತ್ತೀರಿ ಎಂದು ಆ ತಿಂಗಳು ಪೂರ್ತಿ ಕಾದೆ" ಎಂದ.

ನನ್ನ ಬಳಿ ಉತ್ತರವಿರಲಿಲ್ಲ. ಅವನೇ ನನ್ನ ಕೈ ಹಿಡಿದು ಊಟದ ಪಂಕ್ತಿಗೆ ಕರೆದೊಯ್ದ. ಪ್ರಿಯ ಓದುಗರೇ, ನಾವು ಹೇಳದೆ ಉಳಿಸಿದ ಮಾತಿಗಾಗಿ ಎಲ್ಲೋ ಒಬ್ಬರು ಕಾಯುತ್ತಿರಬಹುದು.