ಘಾಟಿ ಹೇಳುವ ಅಳತೆ

ಕಾವೇರಿಯ ಒಂದು ದಡದಲ್ಲಿ ನೆಲ್ಯಹುದಿಕೇರಿ, ಎದುರು ದಡದಲ್ಲಿ ಸಿದ್ದಾಪುರ. ನಡುವೆ ಒಂದು ಸೇತುವೆ. ಮಡಿಕೇರಿಯಿಂದ ಚೆಟ್ಟಳ್ಳಿ ಮೇಲೆ ಇಳಿದು ಬರುವ ರಸ್ತೆಯೂ, ಕುಶಾಲನಗರದ ಕಡೆಯಿಂದ ಗುಡ್ಡೆಹೊಸೂರು, ನಂಜರಾಯಪಟ್ಟಣ ದಾಟಿ ಬರುವ ರಸ್ತೆಯೂ ಇಲ್ಲಿ ಹೊಳೆಯ ಹತ್ತಿರ ಬಂದು ಸೇರುತ್ತವೆ. ಸುತ್ತ ಎತ್ತ ನೋಡಿದರೂ ಕಾಫಿ ತೋಟ, ನೆರಳಿನ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಅಂಗಡಿ ಸಾಲಿನಲ್ಲಿ ನಿಂತು ಕಿವಿಗೊಟ್ಟರೆ ಕನ್ನಡ, ಮಲಯಾಳ, ಕೊಡವ, ತುಳು, ತಮಿಳು ಎಲ್ಲವೂ ಒಂದೇ ಉಸಿರಿನಲ್ಲಿ ಕೇಳುತ್ತವೆ.

ಈ ಊರಿಗೆ ರೈಲಿಲ್ಲ. ಊರಿಗೇನು, ಇಡೀ ಕೊಡಗು ಜಿಲ್ಲೆಗೇ ರೈಲು ಹಳಿ ಇಲ್ಲ. ಇಲ್ಲಿಂದ ಹೋಗುವ ಕಾಫಿ ಮೂಟೆ, ಮೆಣಸು, ಮರದ ದಿಮ್ಮಿ, ಇಲ್ಲಿಗೆ ಬರುವ ಅಕ್ಕಿ, ಸಿಮೆಂಟು, ಗೊಬ್ಬರ, ಯಂತ್ರ ಎಲ್ಲವೂ ರಸ್ತೆಯನ್ನೇ ನಂಬಬೇಕು. ಕೊಡಗಿನ ಕಾಫಿ ಹಡಗು ಹತ್ತುವುದಕ್ಕೆ ಹೆಚ್ಚಾಗಿ ಹೋಗುವುದು ಮಂಗಳೂರಿನ ಪಣಂಬೂರಿಗೆ. 1975ರ ಜನವರಿಯಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರು ಅಲ್ಲಿದೆ. ಕಾಫಿ ಇಳಿದು ಹೋಗುವ ದಾರಿಯಲ್ಲೇ ದೊಡ್ಡದೊಂದು ವಸ್ತು ಏರಿ ಬರಬೇಕಾದರೆ ಏನಾಗುತ್ತದೆ? ಉದಾಹರಣೆಗೆ, ಹಡಗಿನಿಂದ ಇಳಿದ ಒಂದು ಭಾರೀ ಕಬ್ಬಿಣದ ನೀರಿನ ತೊಟ್ಟಿ?

ಮಳೆನಾಡಿಗೆ ನೀರಿನ ತೊಟ್ಟಿ ಯಾಕೆ ಎಂದು ಮಕ್ಕಳು ಕೇಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಫೆಬ್ರುವರಿ, ಮಾರ್ಚ್‌ನಲ್ಲಿ ಇರುವುದಿಲ್ಲ. ರೊಬಸ್ಟಾ ಕಾಫಿಯ ಮೊಗ್ಗು ಅರಳಲು ಆಗಲೇ ಹೂಮಳೆ ಬೇಕು. ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಹಾಕಿ ಮಳೆಯನ್ನು ತಾವೇ ಮಾಡಿಕೊಳ್ಳಬೇಕು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೂ ನೀರು ಬೇಕು. ಕೆರೆ, ಹೊಳೆ, ತೊಟ್ಟಿ, ಇವು ಮೂರೂ ಇಲ್ಲದೆ ತೋಟದ ಲೆಕ್ಕ ನಡೆಯುವುದಿಲ್ಲ.

ಭಾರವಲ್ಲ, ಗಾತ್ರ

ಒಂದು ತೊಟ್ಟಿಯ ಲೆಕ್ಕವನ್ನು ಹೈಸ್ಕೂಲಿನ ವಿದ್ಯಾರ್ಥಿಯೇ ಮಾಡಿ ನೋಡಬಹುದು. ಸಿಲಿಂಡರಿನ ಆಕಾರ, ವ್ಯಾಸ 4 ಮೀಟರ್, ಉದ್ದ 10 ಮೀಟರ್ ಎನ್ನಿ. ಅದರಲ್ಲಿ ಹಿಡಿಯುವ ನೀರು ಸುಮಾರು 1 ಲಕ್ಷ 25 ಸಾವಿರ ಲೀಟರ್, ಅಂದರೆ 125 ಟನ್. ಆದರೆ ಖಾಲಿ ತೊಟ್ಟಿಯ ತೂಕ? 8 ಮಿಲಿಮೀಟರ್ ದಪ್ಪದ ಉಕ್ಕಿನ ತಗಡಾದರೆ, ಮೈಯ ವಿಸ್ತೀರ್ಣವನ್ನು ದಪ್ಪದಿಂದಲೂ ಉಕ್ಕಿನ ಸಾಂದ್ರತೆಯಿಂದಲೂ ಗುಣಿಸಿದಾಗ ಬರುವುದು ಒಂಬತ್ತೂವರೆ ಟನ್ ಮಾತ್ರ. ಅಷ್ಟನ್ನು ಸಾಧಾರಣ ಲಾರಿಯೇ ಹೊರುತ್ತದೆ.

ತೂಕ ಹೊರುವ ಲಾರಿಗೆ ಗಾತ್ರ ಹೊರಲಾಗುವುದಿಲ್ಲ ಎನ್ನುವುದೇ ಸೋಜಿಗ. ನಮ್ಮ ದೇಶದ ಕಾನೂನಿನಂತೆ ರಸ್ತೆಯಲ್ಲಿ ಓಡುವ ಸಾಮಾನ್ಯ ವಾಹನದ ಅಗಲ 2.6 ಮೀಟರ್ ಮೀರಬಾರದು. ತೊಟ್ಟಿಯ ಅಗಲವೇ 4 ಮೀಟರ್. ಎರಡು ಲೇನಿನ ಹೆದ್ದಾರಿಯ ಟಾರು 7 ಮೀಟರ್. ತೊಟ್ಟಿ ನಡುವೆ ಬಂದರೆ ಎದುರಿನಿಂದ ಬರುವ ಬಸ್ಸಿಗೆ ಉಳಿಯುವ ಜಾಗ ಎಷ್ಟು ಎಂದು ಹೇಳಬೇಕಾಗಿಲ್ಲ. ಟ್ರೇಲರಿನ ಹಾಸು ನೆಲದಿಂದ ಒಂದು ಮೀಟರ್ ಮೇಲಿದ್ದರೆ ತೊಟ್ಟಿಯ ನೆತ್ತಿ 5 ಮೀಟರಿಗೆ ಮುಟ್ಟುತ್ತದೆ. ಜೋತುಬಿದ್ದ ತಂತಿ, ಬಾಗಿದ ಕೊಂಬೆ, ಊರ ಬಾಗಿಲಿನ ಕಮಾನು, ಎಲ್ಲಕ್ಕೂ ಅದು ತಗುಲಬಹುದು.

ಇಂಥ ಸರಕಿಗೆ ಸಾಗಣೆಯವರು 'ಓಡಿಸಿ' ಎನ್ನುತ್ತಾರೆ. ಓವರ್ ಡೈಮೆನ್ಷನಲ್ ಕಾರ್ಗೋ ಎನ್ನುವುದರ ಮೊಟಕು ಅದು. ಅಂದರೆ ಅಳತೆ ಮೀರಿದ ಸರಕು. ಇದನ್ನು ಹೊರಡಿಸಲು ಮೊದಲೇ ಅನುಮತಿ ಬೇಕು. ಅದಕ್ಕೂ ಮೊದಲು ದಾರಿಯ ಪರೀಕ್ಷೆ. ಯಾವ ಮೋರಿ ಹಳೆಯದು, ಯಾವ ಸೇತುವೆ ಎಷ್ಟು ಭಾರ ತಾಳುತ್ತದೆ, ಎಲ್ಲಿ ತಂತಿ ಕೆಳಗಿದೆ, ಯಾವ ತಿರುವಿನಲ್ಲಿ ಬಾಲ ತಿರುಗುವುದಿಲ್ಲ ಎಂದೆಲ್ಲ ಬರೆದುಕೊಳ್ಳಬೇಕು.

ತಿರುವಿನ ತೊಂದರೆ ತಿಳಿಯಲು ಒದ್ದೆ ಮರಳಿನ ಮೇಲೆ ಸೈಕಲ್ ತಿರುಗಿಸಿ ನೋಡಿದರೆ ಸಾಕು. ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಹೋಗುವುದಿಲ್ಲ, ಒಳಗಡೆಗೆ ಸರಿದುಕೊಂಡು ಹೋಗುತ್ತದೆ. ವಾಹನ ಉದ್ದವಾದಷ್ಟೂ ಆ ಸರಿತ ಹೆಚ್ಚು. ಘಾಟಿಯ ತಿರುವಿನಲ್ಲಿ ಒಳಗಡೆ ಇರುವುದು ಒಂದೋ ಬರೆ, ಇಲ್ಲವೇ ಪ್ರಪಾತ. ಅದಕ್ಕಾಗಿಯೇ ದೊಡ್ಡ ಟ್ರೇಲರುಗಳಲ್ಲಿ ಹಿಂದಿನ ಚಕ್ರಗಳನ್ನೂ ತಿರುಗಿಸುವ ಏರ್ಪಾಡು ಇರುತ್ತದೆ. ಚಕ್ರಗಳ ಸಂಖ್ಯೆ ಹೆಚ್ಚಿಸಿ ಭಾರವನ್ನು ಹಂಚುತ್ತಾರೆ. ಸೇತುವೆಯ ಮೇಲೆ ಬೇರೆ ವಾಹನ ಬಿಡದೆ, ಬ್ರೇಕ್ ಹಾಕದೆ, ನಡಿಗೆಯ ವೇಗದಲ್ಲಿ ದಾಟಿಸುತ್ತಾರೆ.

ಹೋಗಿ ಬಂದ ಭಾರಗಳು

ನಮ್ಮ ನಾಡಿಗೆ ಇದು ಹೊಸ ಅನುಭವವಲ್ಲ. ಇದೇ ಕಾವೇರಿಯ ಕೆಳಹರಿವಿನಲ್ಲಿ, ಶಿವನಸಮುದ್ರದಲ್ಲಿ, 1902ರಲ್ಲಿ ಜಲವಿದ್ಯುತ್ ಕೇಂದ್ರ ಆರಂಭವಾಗಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅದರ ಯಂತ್ರಗಳು ಕಡಲು ದಾಟಿ ಬಂದವು. ರೈಲು ಮುಗಿದ ಮೇಲೆ ಉಳಿದ ಕಾಡುದಾರಿಯಲ್ಲಿ ಅವನ್ನು ಎಳೆದದ್ದು ಎತ್ತು ಮತ್ತು ಆನೆ. ನೆಲ್ಯಹುದಿಕೇರಿಯವರಿಗೆ ಆನೆಯ ಶಕ್ತಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಹೊಳೆಯ ಕೆಳಗಡೆಗೆ ದುಬಾರೆಯ ಆನೆ ಶಿಬಿರವಿದೆ. ಲಾರಿ, ಕ್ರೇನು ಬರುವ ಮೊದಲು ಕಾಡಿನ ದಿಮ್ಮಿ ಎಳೆಯುತ್ತಿದ್ದದ್ದು ಇಂಥ ಶಿಬಿರಗಳ ಆನೆಗಳೇ.

1973ರಲ್ಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ಬಾಹುಬಲಿ ಹೊರಟಾಗ ದಕ್ಷಿಣ ಕನ್ನಡವೇ ರಸ್ತೆಯ ಬದಿಗೆ ಬಂದು ನಿಂತಿತ್ತು. ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಡೆದ 39 ಅಡಿಯ ಏಕಶಿಲಾ ಮೂರ್ತಿ ಅದು. ಹತ್ತಾರು ಚಕ್ರಗಳ ಟ್ರಾಲಿಯ ಮೇಲೆ ಮಲಗಿ ಪಯಣ ಮಾಡಿತು. ಆದರೆ ಕಾರ್ಕಳವೂ ಧರ್ಮಸ್ಥಳವೂ ಘಟ್ಟದ ಕೆಳಗಿನ ಊರುಗಳು. ಘಾಟಿ ಹತ್ತುವ ಕಷ್ಟ ಆ ಮೂರ್ತಿಗೆ ಬರಲಿಲ್ಲ.

ಆ ಕಷ್ಟ ಹೇಗಿರುತ್ತದೆಂದು 2022ರಲ್ಲಿ ಕೊಡಗಿನ ನೆರೆಯಲ್ಲೇ ಎಲ್ಲರೂ ಕಂಡರು. ದಕ್ಷಿಣ ಕೊರಿಯಾದಲ್ಲಿ ತಯಾರಾಗಿ ಹಡಗಿನಲ್ಲಿ ಬಂದ ಕಾರ್ಖಾನೆಯ ಯಂತ್ರಗಳನ್ನು ಹೊತ್ತು ಎರಡು ಬೃಹತ್ ಟ್ರೇಲರುಗಳು ನಂಜನಗೂಡಿಗೆ ಹೊರಟಿದ್ದವು. ಕೇರಳದ ತಾಮರಶ್ಶೇರಿ ಘಾಟಿಯ ಬುಡದಲ್ಲಿ ಅಡಿವಾರಂ ಎಂಬ ಊರಿನ ಹತ್ತಿರ ಅವು ನಿಂತೇಬಿಟ್ಟವು. ಒಂಬತ್ತು ಹೇರ್‌ಪಿನ್ ತಿರುವುಗಳ ಆ ಘಾಟಿ ವಯನಾಡಿನ ಜೀವನಾಡಿ. ಟ್ರೇಲರು ನಡುವೆ ಸಿಕ್ಕಿಕೊಂಡರೆ ಆಂಬುಲೆನ್ಸಿಗೂ ದಾರಿ ಇರುವುದಿಲ್ಲ. ಅನುಮತಿಗಾಗಿ ಸುಮಾರು ಮೂರು ತಿಂಗಳು ಕಾದವು. ಕೊನೆಗೆ ಡಿಸೆಂಬರ್ 22ರ ರಾತ್ರಿ ಬೇರೆ ವಾಹನಗಳನ್ನೆಲ್ಲ ತಡೆದು ಅವನ್ನು ಹತ್ತಿಸಿದರು. ಮೂರು ತಿಂಗಳು ಕಾದ ಯಂತ್ರ ಘಾಟಿ ಏರಲು ಹಿಡಿದದ್ದು ಮೂರು ಗಂಟೆಯ ಆಸುಪಾಸು!

ಪಣಂಬೂರಿನಿಂದ ಮೇಲಕ್ಕೆ

ನಮ್ಮ ತೊಟ್ಟಿಯನ್ನು ಈಗ ಪಣಂಬೂರಿನಿಂದ ಹೊರಡಿಸೋಣ. ಬಿ.ಸಿ. ರೋಡ್, ನೇತ್ರಾವತಿಯ ಸೇತುವೆ, ಕಲ್ಲಡ್ಕ ದಾಟಿ ಮಾಣಿಗೆ ಬಂದರೆ ದಾರಿ ಕವಲೊಡೆಯುತ್ತದೆ. ಒಂದು ಉಪ್ಪಿನಂಗಡಿ ಹಿಡಿದು ಶಿರಾಡಿ ಘಾಟಿಗೆ, ಇನ್ನೊಂದು ಪುತ್ತೂರು, ಸುಳ್ಯ ಹಿಡಿದು ಸಂಪಾಜೆ ಘಾಟಿಗೆ. ಶಿರಾಡಿಯಲ್ಲಿ ಹೋದರೆ ಸಕಲೇಶಪುರ ಹತ್ತಿ, ಹಾಸನ ಸೀಮೆ ಸುತ್ತಿ, ಕುಶಾಲನಗರಕ್ಕೆ ಬರಬೇಕು. ನೇರ ದಾರಿ ಸಂಪಾಜೆಯದು. ಕಲ್ಲುಗುಂಡಿ, ಸಂಪಾಜೆ, ಕೊಯನಾಡು, ಜೋಡುಪಾಲ, ಮದೆನಾಡು. ಕಡಲ ಮಟ್ಟದಲ್ಲಿ ಹೊರಟ ಲಾರಿ ಮಡಿಕೇರಿ ಮುಟ್ಟುವಾಗ ಸಾವಿರ ಮೀಟರಿಗೂ ಮೇಲೆ ಏರಿರುತ್ತದೆ. ಅಲ್ಲಿಂದ ಮತ್ತೆ ಚೆಟ್ಟಳ್ಳಿಯ ತೋಟಗಳ ನಡುವೆ ಇಳಿಜಾರು, ಒಂದರ ಹಿಂದೊಂದು ತಿರುವು. ಎರಡೂ ಬದಿಯಲ್ಲಿ ತೋಟದ ಬೇಲಿ. ಹೆದ್ದಾರಿ ಬಿಟ್ಟ ಮೇಲೆ 4 ಮೀಟರ್ ಅಗಲದ ತೊಟ್ಟಿಗೆ ರಸ್ತೆಯೇ ಸಾಲದು.

ಹಾಗಾದರೆ ರಸ್ತೆ ಅಗಲ ಮಾಡಿದರಾಯಿತಲ್ಲ ಎನ್ನಬಹುದು. ಈ ಮಾತಿಗೆ ಜೋಡುಪಾಲದಲ್ಲಿ ಉತ್ತರವಿದೆ. 2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಎರಡನೇ ಮೊಣ್ಣಂಗೇರಿ, ಮದೆನಾಡಿನ ಕಡೆ ಬೆಟ್ಟವೇ ಜಾರಿ ಬಂತು. ಮನೆಗಳು ಹೋದವು, ಜೀವಗಳು ಹೋದವು, ಹೆದ್ದಾರಿ ಕಡಿದುಹೋಯಿತು. ಅತಿ ಮಳೆಯ ಜೊತೆಗೆ, ಮನೆಗೂ ರಸ್ತೆಗೂ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. ಬೆಟ್ಟದ ಬುಡ ಕಡಿದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ನೀರು ಕುಡಿದ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಅಂಥ ರಸ್ತೆಯ ಮೇಲೆ ಬಹುಚಕ್ರದ ವಾಹನ ಗುಡುಗಿಕೊಂಡು ಹೋಗುವುದೆಂದರೆ ಗಾಯದ ಮೇಲೆ ಕಾಲಿಟ್ಟಂತೆ.

ಮರುವರ್ಷ, 2019ರ ಆಗಸ್ಟ್‌ನಲ್ಲಿ, ನೆಲ್ಯಹುದಿಕೇರಿಯ ಸರದಿ. ಕಾವೇರಿ ಉಕ್ಕಿ ಕುಂಬಾರಗುಂಡಿ, ಬೆಟ್ಟದಕಾಡಿನ ಹೊಳೆಬದಿಯ ಮನೆಗಳನ್ನು ನುಂಗಿತು. ತೋಟದ ಕೂಲಿಯನ್ನೇ ನಂಬಿದ ಸಂಸಾರಗಳು ಪಾತ್ರೆ, ಪಡಿತರ ಚೀಟಿ, ಮಕ್ಕಳ ಪುಸ್ತಕ ಕಳೆದುಕೊಂಡು ಪರಿಹಾರ ಕೇಂದ್ರ ಸೇರಿದವು. ಹೊಳೆಗೆ ಬೆನ್ನು, ಬೆಟ್ಟಕ್ಕೆ ಮುಖ ಮಾಡಿದ ಊರಿಗೆ ಅಂಥ ದಿನಗಳಲ್ಲಿ ಆಸರೆಯಾಗಿ ಉಳಿಯುವುದು ರಸ್ತೆ ಒಂದೇ. ಅಕ್ಕಿ, ಔಷಧಿ, ದೋಣಿ, ವೈದ್ಯರು ಎಲ್ಲರೂ ಅದರ ಮೇಲೆಯೇ ಬರಬೇಕು. ರಸ್ತೆ ಕುಸಿದರೆ ಕಳೆದುಹೋಗುವುದು ಯಾರದೋ ಒಂದು ಕಾರ್ಖಾನೆಯ ಸರಕು ಮಾತ್ರವಲ್ಲ.

ಆ ಕಾರಣಕ್ಕೇ ಅನಂತರದ ಹಲವು ಮಳೆಗಾಲಗಳಲ್ಲಿ ಕೊಡಗು ಜಿಲ್ಲಾಡಳಿತ ಭಾರೀ ವಾಹನಗಳಿಗೆ ನಿರ್ಬಂಧ ಹಾಕಿದೆ. ಸರಕೂ ಸೇರಿ 18,500 ಕಿಲೋ ಮೀರುವ ಲಾರಿ, ಹಡಗಿನ ಕಂಟೈನರ್, ಉದ್ದ ಚಾಸಿಯ ವಾಹನ, ಮರದ ದಿಮ್ಮಿ, ಮರಳು ಇವುಗಳ ಓಡಾಟ ಮಳೆ ನಿಲ್ಲುವವರೆಗೆ ಬಂದ್. ವ್ಯಾಪಾರಿಗಳಿಗೆ, ಲಾರಿಯವರಿಗೆ ಇದರಿಂದ ನಷ್ಟವಾಗುವುದು ನಿಜ. ಚಾಲಕ, ಕ್ಲೀನರ್‌ಗಳ ದುಡಿಮೆ ನಿಲ್ಲುತ್ತದೆ. ಆದರೆ ಬೆಟ್ಟ ಜಾರಿದ ವರ್ಷದ ನಷ್ಟವನ್ನು ಕಂಡವರು ಈ ನಷ್ಟವನ್ನು ಬೇರೆ ತಕ್ಕಡಿಯಲ್ಲಿ ತೂಗುತ್ತಾರೆ.

ಬಿಚ್ಚಿ ತಂದ ತೊಟ್ಟಿ

18,500 ಕಿಲೋ ಎನ್ನುವುದು ಎಲ್ಲಿಂದಲೋ ಬಂದ ಅಂಕಿಯಲ್ಲ. ಎರಡು ಆಕ್ಸಲ್‌ನ, ಹಿಂದೆ ನಾಲ್ಕು ಮುಂದೆ ಎರಡು ಚಕ್ರದ, ಎಲ್ಲರೂ ಬಲ್ಲ ಲಾರಿಗೆ ದೇಶದಲ್ಲಿ 2018ರಿಂದ ಇರುವ ಒಟ್ಟು ತೂಕದ ಮಿತಿ ಅದು. ಈಗ ತೊಟ್ಟಿಯ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು. ಖಾಲಿ ತೊಟ್ಟಿ ಒಂಬತ್ತೂವರೆ ಟನ್. ಅದನ್ನು ಇಡಿಯಾಗಿ ತರುವ ಬದಲು ಬಾಗಿಸಿದ ತಗಡುಗಳಾಗಿ, ಒಂದರ ಮೇಲೊಂದು ಪೇರಿಸಿ ತಂದರೆ? ಬೋಲ್ಟು, ನಟ್ಟು ಸೇರಿಸಿದರೂ ಹತ್ತು ಟನ್ನಿನ ಆಸುಪಾಸು. ಲಾರಿಯ ಸ್ವಂತ ತೂಕ ಏಳು ಟನ್ ಎಂದಿಟ್ಟುಕೊಂಡರೂ ಒಟ್ಟು 17. ಮಿತಿಯ ಒಳಗೇ ಬಂತು! ಅಗಲ 2.6 ಮೀಟರಿನೊಳಗೆ, ಎತ್ತರ ಸಾಮಾನ್ಯ ಲಾರಿಯಷ್ಟೇ. ಪೈಲಟ್ ವಾಹನ ಬೇಡ, ತಂತಿ ಎತ್ತುವವರು ಬೇಡ, ಮರ ಕಡಿಯುವುದು ಬೇಡ. ತಡೆದದ್ದು ಉಕ್ಕಿನ ಭಾರವಲ್ಲ, ಅದರೊಳಗಿನ ಗಾಳಿ. ಆ ಗಾಳಿಯನ್ನು ಪಣಂಬೂರಿನಲ್ಲೇ ಬಿಟ್ಟು ಬರಬಹುದು. ನೆಲ್ಯಹುದಿಕೇರಿಯಲ್ಲಿ ಗಾಳಿಗೆ ಕೊರತೆಯಿಲ್ಲ.

ಹೀಗೆ ಬಿಡಿಬಿಡಿಯಾಗಿ ತಂದು ಸ್ಥಳದಲ್ಲೇ ಬೋಲ್ಟು ಬಿಗಿದು, ಸಂದುಗಳಿಗೆ ರಬ್ಬರ್ ಕೊಟ್ಟು, ಇಲ್ಲವೇ ವೆಲ್ಡಿಂಗ್ ಮಾಡಿ ನಿಲ್ಲಿಸುವ ತೊಟ್ಟಿಗಳು ಲೋಕದ ಎಲ್ಲ ಕಡೆ ಇವೆ. ಇದಕ್ಕೆ ಕೆಲಸ ಹೆಚ್ಚು, ಸೋರದಂತೆ ಕೂಡಿಸುವ ಜಾಣ್ಮೆಯೂ ಬೇಕು. ಆದರೆ ಆ ಕೆಲಸ ಊರಿನ ವೆಲ್ಡರ್‌ಗೆ, ಫಿಟ್ಟರ್‌ಗೆ ಸಿಗುತ್ತದೆ. ಐ.ಟಿ.ಐ. ಕಲಿತ ಹುಡುಗನೊಬ್ಬನಿಗೆ ಘಾಟಿಯ ಮೇಲೆಯೇ ಎರಡು ವಾರದ ದುಡಿಮೆಯಾಗುತ್ತದೆ.

ಎಲ್ಲ ವಸ್ತುವನ್ನೂ ಹೀಗೆ ಬಿಚ್ಚಲು ಬರುವುದಿಲ್ಲ. ಒಂದೇ ಎರಕದ ಯಂತ್ರವನ್ನು ತುಂಡು ಮಾಡಲಾಗದು. ಅಂಥದ್ದಕ್ಕೆ ನಂಜನಗೂಡಿನ ಯಂತ್ರಗಳಂತೆ ಕಾಯಬೇಕು, ರಾತ್ರಿ ಹೊತ್ತು ಹತ್ತಬೇಕು, ಇಲ್ಲವೇ ಬಯಲಿನ ಊರಿನಲ್ಲೇ ನೆಲೆ ನೋಡಬೇಕು. ಆದರೆ ನೀರಿನ ತೊಟ್ಟಿಗೆ ಆ ಹಠ ಬೇಕಿಲ್ಲ. ಶಾಲೆಯಲ್ಲಿ ಕಲಿತ ಸಿಲಿಂಡರಿನ ಸೂತ್ರ ಒಂದು ಬೆಟ್ಟದ ಬರೆಯನ್ನು ಕಡಿಯದಂತೆ ಉಳಿಸಬಹುದೆಂದರೆ, ಆ ಪಾಠ ಪರೀಕ್ಷೆಗಿಂತ ಹೆಚ್ಚಿನ ಕೆಲಸಕ್ಕೆ ಬಂತು.

ಸಂಜೆ ಹೊತ್ತು ನೆಲ್ಯಹುದಿಕೇರಿಯ ಸೇತುವೆಯ ಮೇಲೆ ನಿಂತರೆ ಕೆಳಗೆ ಕಾವೇರಿ, ಪಕ್ಕದಲ್ಲಿ ಶಾಲೆ ಬಿಟ್ಟು ಸಿದ್ದಾಪುರಕ್ಕೆ ಹೋಗುವ ಮಕ್ಕಳ ಸಾಲು. ಮೂಟೆ ಹೇರಿದ ಲಾರಿಯೊಂದು ಬಂದರೆ ಮಕ್ಕಳು ಬದಿಗೆ ಸರಿದು ನಿಲ್ಲುತ್ತಾರೆ. ಲಾರಿ ದಾಟಿದ ಮೇಲೆ ಮತ್ತೆ ನಡೆಯುತ್ತಾರೆ. ಇಬ್ಬರಿಗೂ ಸಾಲುವಷ್ಟು ಜಾಗ ಅಲ್ಲಿದೆ, ಲಾರಿ ಲಾರಿಯಷ್ಟೇ ಇದ್ದರೆ.