ಆಗುಂಬೆಯಲ್ಲಿ ಓಮ್ನಿಗೆ ಪರೀಕ್ಷೆ

ನಮ್ಮ ಮನೆಯ ಓಮ್ನಿಗೆ 2023ರ ನವೆಂಬರಿಗೆ ಹದಿನೈದು ವರ್ಷ ತುಂಬುವುದಿತ್ತು. ಖಾಸಗಿ ಕಾರಿನ ನೋಂದಣಿ ಅಷ್ಟಕ್ಕೇ ಮುಗಿಯುತ್ತದೆ. ಮುಂದೆಯೂ ಓಡಿಸಬೇಕೆಂದರೆ ಆರ್.ಟಿ.ಓ. ಕಚೇರಿಗೆ ಗಾಡಿ ಒಯ್ದು ತೋರಿಸಬೇಕು, ತಪಾಸಣೆಯಲ್ಲಿ ಪಾಸಾಗಬೇಕು, 5,000 ರೂಪಾಯಿ ಶುಲ್ಕ ಕಟ್ಟಬೇಕು, ಅದರ ಮೇಲೆ ಹಸಿರು ತೆರಿಗೆ ಬೇರೆ. ಇಷ್ಟಾದರೆ ಇನ್ನೈದು ವರ್ಷ.

"ಅಪ್ಪಾ, ಇನ್ನು ಸಾಕು, ಕೊಟ್ಟುಬಿಡಿ" ಅಂದ ಮಗ. ಶಿವಮೊಗ್ಗದ ಹೂವಿನ ವ್ಯಾಪಾರಿಯೊಬ್ಬರು 50,000 ಕೊಡುವುದಾಗಿ ಹೇಳಿ ಎರಡು ಸಲ ಮನೆಗೆ ಬಂದು ಹೋಗಿದ್ದರು. ಆದರೆ ನಮ್ಮನೆಯವಳಿಗೆ ಮಂಡಿನೋವು. "ನಾನು ಯಾರ ಕೈಯೂ ಹಿಡಿಯದೆ ಹತ್ತೋ ಗಾಡಿ ಇದೊಂದೇ" ಎಂದು ಅವಳು ಮುಖ ಊದಿಸಿಕೊಂಡಳು.

ಆರನೇ ತರಗತಿಯ ಮೊಮ್ಮಗಳು ಪುಟ್ಟಿ ನಡುವೆ ಬಂದಳು. "ಅಜ್ಜ, ಜಗಳ ಯಾಕೆ? ಪರೀಕ್ಷೆ ಇಡೋಣ. ಐದು ವಿಷಯ, ಒಂದೊಂದಕ್ಕೆ ಇಪ್ಪತ್ತು ಮಾರ್ಕು."

ದಸರಾ ರಜೆಯಲ್ಲಿ ಉಡುಪಿಯಲ್ಲಿರುವ ಅಜ್ಜಿಯ ಅಕ್ಕನ ಮನೆಗೆ ಹೋಗುವುದಿತ್ತು. ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ದಾರಿ. ಹೋಗಿ ಬರಲು ಸುಮಾರು 300 ಕಿಲೋಮೀಟರ್, ನಡುವೆ ಒಂದು ಘಾಟಿ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಹಾಲ್ ಸಿಗುವುದಿಲ್ಲ. ನಾನು, ಅಜ್ಜಿ, ಮಗ, ಸೊಸೆ, ಪುಟ್ಟಿ, ಅವಳ ತಮ್ಮ ಚಿನ್ನು, ಜೊತೆಗೆ ನನ್ನ ತಂಗಿ. ಏಳು ಜನ.

ಮಕ್ಕಳೇ, ಓಮ್ನಿಯನ್ನು ನೀವು ಸಿನಿಮಾದಲ್ಲಿ ನೋಡಿರುತ್ತೀರಿ. ಖಳನಾಯಕನ ಕಡೆಯವರು ಜಾರುಬಾಗಿಲು ಸರ್ರನೆ ಎಳೆದು ನಾಯಕಿಯನ್ನು ಹೊತ್ತೊಯ್ಯುವುದು ಇದರಲ್ಲೇ. ಪಾಪ, ಗಾಡಿಯ ತಪ್ಪೇನಿಲ್ಲ. ಮಾರುತಿ ಕಂಪನಿ 1984ರಲ್ಲಿ ಇದನ್ನು ತಂದಾಗ ಹೆಸರು ಬರೀ ಮಾರುತಿ ವ್ಯಾನ್ ಎಂದಿತ್ತು. ಓಮ್ನಿ ಆಗಿದ್ದು 1988ರಲ್ಲಿ. ಆಮೇಲೆ ಅದು ಆಂಬುಲೆನ್ಸ್ ಆಯಿತು, ಶಾಲೆಯ ವ್ಯಾನ್ ಆಯಿತು, ಹಾಲು ಹಂಚಿತು, ಮದುವೆಮನೆಗೆ ಪಾತ್ರೆ ಹೊತ್ತಿತು. ಎಂಜಿನ್ 796 ಸಿ.ಸಿ., ಅಂದರೆ ಈಗಿನ ಕೆಲವು ದೊಡ್ಡ ಬೈಕುಗಳಿಗಿಂತ ಚಿಕ್ಕದು. ಅದು ಕೂತಿರುವ ಜಾಗವೂ ವಿಚಿತ್ರ. ಮುಂದಿನ ಸೀಟಿನ ಕೆಳಗೆ. ನೋಡಬೇಕೆಂದರೆ ಸೀಟು ಎತ್ತಬೇಕು. ಮುಂದೆ ಬಾನೆಟ್ ಎಂಬುದೇ ಇಲ್ಲದ್ದರಿಂದ ಮೂರು ಮೀಟರ್ 37 ಸೆಂಟಿಮೀಟರ್ ಉದ್ದದ ಪುಟ್ಟ ಗಾಡಿಯೊಳಗೆ ನಮ್ಮದರಂತೆ ಎಂಟು ಸೀಟು ಹಿಡಿಸುತ್ತವೆ.

ಬೆಳಿಗ್ಗೆ ಏಳಕ್ಕೆ ಹೊರಟೆವು. ಅಜ್ಜಿ ಜಾರುಬಾಗಿಲಿನ ಅಂಚು ಹಿಡಿದು ಒಂದು ಹೆಜ್ಜೆ ಇಟ್ಟು ಒಳಗೆ ಕೂತಳು. ಪುಟ್ಟಿ ಪೆನ್ಸಿಲ್ ತೆಗೆದು ಏನೋ ಗೀಚಿದಳು. ಗಾಜನೂರು ಕಳೆದು ಸಕ್ರೆಬೈಲಿಗೆ ಬಂದಾಗ ಆನೆಗಳು ಇನ್ನೂ ನೀರಿಗಿಳಿದಿರಲಿಲ್ಲ, ಚಿನ್ನುವಿನ ಅಳುವನ್ನು ಲೆಕ್ಕಿಸದೆ ಮುಂದೆ ಹೋದೆವು. ಅದಕ್ಕೆ ಪರಿಹಾರವಾಗಿ ಮಂಡಗದ್ದೆಯಲ್ಲಿ ನಿಲ್ಲಿಸಲೇಬೇಕಾಯಿತು. ಶಿವಮೊಗ್ಗದಿಂದ ಇಲ್ಲಿಗೆ ಸುಮಾರು 30 ಕಿಲೋಮೀಟರ್. ರಸ್ತೆಯ ಪಕ್ಕದಲ್ಲೇ ತುಂಗೆ, ತುಂಗೆಯ ನಡುವೆ ಚಿಕ್ಕ ನಡುಗಡ್ಡೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಲು ಬರುವುದು ಆ ನಡುಗಡ್ಡೆಯ ಮರಗಳಿಗೇ. ಸುತ್ತಲೂ ನೀರಿದ್ದರೆ ಮೊಟ್ಟೆ ಕದಿಯುವವರು ಸುಲಭವಾಗಿ ಬರಲಾರರಲ್ಲ! ನಾವು ಹೋದಾಗ ಮರಿಗಳು ದೊಡ್ಡವಾಗಿದ್ದವು. ಒಂದು ಕೊಂಬೆಯಲ್ಲಿ ಹಾವಕ್ಕಿ ರೆಕ್ಕೆ ಅಗಲಿಸಿಕೊಂಡು ಒದ್ದೆ ಬಟ್ಟೆ ಒಣಗಿಸುವಂತೆ ನಿಂತಿತ್ತು. ಉದ್ದ ಕತ್ತನ್ನಷ್ಟೇ ಹೊರಗಿಟ್ಟು ಈಜುವಾಗ ನೀರುಹಾವಿನಂತೆ ಕಾಣುವುದರಿಂದ ಅದಕ್ಕೆ ಆ ಹೆಸರು. ಚಿನ್ನು ಆನೆಯನ್ನು ಮರೆತ.

ತೀರ್ಥಹಳ್ಳಿಯವರೆಗೆ ಓಮ್ನಿ ಜಾಣ ಹುಡುಗನಂತೆ ಓಡಿತು. ಗಂಟೆಗೆ 60ರಲ್ಲಿ ಅದು ಖುಷಿಯಾಗಿರುತ್ತದೆ. 80ಕ್ಕೆ ಹೋದರೆ ಹೊಟ್ಟೆನೋವು ಬಂದವರಂತೆ ನರಳುತ್ತದೆ. ಎದುರಿನಿಂದ ವೇಗದ ಬಸ್ಸು ಬಂದರಂತೂ ಗಾಳಿ ಬಡಿದು ಇಡೀ ವ್ಯಾನು ಒಂದು ಸಲ ಪಕ್ಕಕ್ಕೆ ಸರಿದಂತಾಗುತ್ತದೆ. ಎತ್ತರದ, ಹಗುರ ಗಾಡಿ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು. ಎಂಜಿನ್ ನನ್ನ ಕೆಳಗೇ ಇರುವುದರಿಂದ ಹತ್ತು ಗಂಟೆಯ ಹೊತ್ತಿಗೆ ಸೀಟು ಒಲೆಕಟ್ಟೆಯಂತೆ ಬಿಸಿಯಾಗಿತ್ತು. ಎ.ಸಿ. ಇಲ್ಲ. ಹಿಂದೆ ಕೂತವರಿಗೆ ಅದರ ಕಷ್ಟ ಗೊತ್ತಾಗುವುದಿಲ್ಲ. ಅವರು ಎದುರುಬದುರು ಕೂತು, ನಡುವೆ ಬುತ್ತಿ ಇಟ್ಟುಕೊಂಡು ಅಂತ್ಯಾಕ್ಷರಿ ಹಾಡುತ್ತಿದ್ದರು. ಈಗಿನ ಯಾವ ಕಾರಿನಲ್ಲೂ ಈ ಸುಖವಿಲ್ಲ, ಎಲ್ಲರೂ ಮುಂದಿನವರ ತಲೆ ನೋಡುತ್ತಾ ಕೂರಬೇಕು.

ಗುಡ್ಡೇಕೇರಿ ದಾಟಿದ ಮೇಲೆ ಕಾಡು ದಟ್ಟವಾಯಿತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಮಿಲಿಮೀಟರ್ ಎಂದರೆ ಮಕ್ಕಳಿಗೆ ಅಂದಾಜಾಗದು. ಬಿದ್ದ ನೀರೆಲ್ಲ ಹರಿಯದೆ ನಿಂತರೆ ಎರಡಂತಸ್ತಿನ ಮನೆ ಮುಳುಗುತ್ತದೆ ಎಂದುಕೊಳ್ಳಿ. ಊರಿನ ದೊಡ್ಡಮನೆಯನ್ನು ಅಜ್ಜಿ ಬೆರಳು ಮಾಡಿ ತೋರಿಸಿದಳು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ್ದು ಇಲ್ಲೇ. ಪುಟ್ಟಿಗೆ ಶಂಕರ್‌ನಾಗ್ ಎಂದರೆ ಆಟೋಗಳ ಹಿಂದೆ ಬರೆದ ಚಿತ್ರ ಮಾತ್ರ. ಮನೆಗೆ ಹೋದಮೇಲೆ ತೋರಿಸುತ್ತೇನೆಂದು ಅಜ್ಜಿ ಮಾತು ಕೊಟ್ಟಳು.

ಘಾಟಿಗೆ 14 ಹಿಮ್ಮುರಿ ತಿರುವು. ಭಾರಿ ಗಾಡಿಗಳನ್ನು ಬಿಡುವುದಿಲ್ಲ, ಅಷ್ಟು ಕಿರಿದು. ಇಲ್ಲಿ ಓಮ್ನಿಯದೇ ರಾಜ್ಯ. ದೊಡ್ಡ ಕಾರುಗಳು ಹಿಂದೆ ಮುಂದೆ ಮಾಡುತ್ತಿದ್ದ ತಿರುವಿನಲ್ಲಿ ಇದು ಬೆಕ್ಕಿನಂತೆ ಮೈ ತಿರುಗಿಸಿ ಇಳಿಯಿತು. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ನಾನು ಕಲಿತ ಪಾಠ. ಬರೀ ಬ್ರೇಕನ್ನೇ ಒತ್ತುತ್ತಾ ಇಳಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಎರಡನೇ ಗೇರಿನಲ್ಲಿ ಮೆಲ್ಲಗೆ ಬಂದೆವು.

ಐದನೇ ತಿರುವಿನಲ್ಲಿ ಚಿನ್ನು ವಾಂತಿ ಮಾಡಿಕೊಂಡ. ನಮ್ಮ ವ್ಯಾನಿನ ನಡುಸೀಟು ಹಿಂದಕ್ಕೆ ಮುಖ ಮಾಡಿದೆ. ಅದರಲ್ಲಿ ಕೂತವರಿಗೆ ತಿರುವು ಕಾಣುವುದು ಅದು ಮುಗಿದ ಮೇಲೆ. ಕಣ್ಣಿಗೊಂದು ಕಂಡು ಹೊಟ್ಟೆಗೊಂದು ತಿಳಿದರೆ ಹೀಗೇ ಆಗುವುದು. ಅವನನ್ನು ಮುಂದಕ್ಕೆ ಮುಖವಿರುವ ಸೀಟಿಗೆ ಬದಲಿಸಿ ಕೈಗೊಂದು ನಿಂಬೆಹಣ್ಣು ಕೊಟ್ಟೆವು. ಬಾಗಿಲು ತೆರೆದು ತೊಳೆಯುವಷ್ಟರಲ್ಲಿ ಮಂಗಗಳು ಬುತ್ತಿಗೆ ಹೊಂಚಿ ಕೂತಿದ್ದವು. ಇವು ಕೈಯೊಡ್ಡಲು ಕಲಿತ ಸಾಮಾನ್ಯ ಮಂಗಗಳು. ಈ ಕಾಡಿನ ನಿಜವಾದ ದೊರೆ ಸಿಂಗಳೀಕ ಮರದ ತುದಿ ಬಿಟ್ಟು ಇಳಿಯುವುದು ಅಪರೂಪ. ಏನೂ ಕೊಡಬೇಡಿ ಮಕ್ಕಳೇ, ಕೊಟ್ಟವರಿಂದಲೇ ಅವು ರಸ್ತೆಗೆ ಬಂದು ಗಾಡಿಯಡಿ ಸಾಯುತ್ತವೆ.

ಸೋಮೇಶ್ವರ, ಹೆಬ್ರಿ, ಹಿರಿಯಡ್ಕ, ಮಣಿಪಾಲ. ಮಧ್ಯಾಹ್ನದೂಟಕ್ಕೆ ಉಡುಪಿ ಸೇರಿದೆವು. ಅಲ್ಲಿಯ ಊಟದ ಬಗ್ಗೆ ಬರೆದರೆ ಓಮ್ನಿ ಮರೆತುಹೋಗುತ್ತದೆ.

ಮರುದಿನ ಸಂಜೆ ವಾಪಸ್ ಹತ್ತುವಾಗ ನಿಜವಾದ ಪ್ರಶ್ನೆಪತ್ರಿಕೆ ಬಂತು. ಏಳು ಜನ, ಅಕ್ಕ ಕೊಟ್ಟ ತೆಂಗಿನಕಾಯಿ ಮೂಟೆ, ಎರಡು ಮಟ್ಟುಗುಳ್ಳದ ಚೀಲ. ಮೊದಲನೇ ಗೇರು, ಎರಡನೇ ಗೇರು, ಮತ್ತೆ ಮೊದಲನೇದು. ಹನ್ನೊಂದನೇ ತಿರುವಿನ ಹೊತ್ತಿಗೆ ಕಾವಿನ ಮುಳ್ಳು ಮೇಲೇರಿತು. ತಪ್ಪು ನನ್ನದೇ. ಹಳೆಯ ನೀರಿನ ಪೈಪು ಬದಲಿಸಿ ಎಂದು ಮೆಕ್ಯಾನಿಕ್ ಆರು ತಿಂಗಳಿಂದ ಹೇಳುತ್ತಿದ್ದ. ತಿರುವು ದಾಟಿ ಅಗಲವಿದ್ದ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಲ್ಲರನ್ನೂ ಇಳಿಸಿದೆ. ರೇಡಿಯೇಟರಿನ ಮುಚ್ಚಳ ತೆಗೆಯಲು ಹೊರಟ ಮಗನನ್ನು ತಡೆದೆ. ಕಾದಾಗ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಅರ್ಧ ಗಂಟೆ ಕಾದೆವು. ಮೇಲೆ ಸೂರ್ಯಾಸ್ತದ ಕಟ್ಟೆಯಲ್ಲಿ ಜನ ಕಿಕ್ಕಿರಿದಿದ್ದಿರಬೇಕು. ನಮಗೆ ಮರಗಳ ಸಂದಿಯಲ್ಲೇ ಸೂರ್ಯ ಸಿಕ್ಕಿದ, ಕಳಿತ ಪಪ್ಪಾಯಿಯ ಬಣ್ಣದಲ್ಲಿ.

ಅಲ್ಲಿ ನಿಂತಾಗಲೇ ಸೊಸೆ, ಅದುವರೆಗೆ ಮಾತಾಡದವಳು, ಮೆಲ್ಲಗೆ ಕೇಳಿದಳು. "ಮಾವ, ಮಕ್ಕಳು ಕೂರೋ ಸೀಟಿಗೆ ಬೆಲ್ಟ್ ಇಲ್ಲ ಅಲ್ವಾ?"

ಇಲ್ಲ. ಮುಂದಿನ ಎರಡು ಸೀಟಿಗೆ ಮಾತ್ರ. ಗಾಳಿಚೀಲವೂ ಇಲ್ಲ. ಮುಂದೆ ಬಾನೆಟ್ ಇಲ್ಲದಿರುವುದು ಜಾಗಕ್ಕೆ ಅನುಕೂಲವೇನೋ ನಿಜ, ಆದರೆ ಡಿಕ್ಕಿಯಾದರೆ ಮೊದಲು ಸಿಗುವುದು ಓಡಿಸುವವನ ಮೊಣಕಾಲು. ಎಲ್ಲ ಕಾರುಗಳೂ ಡಿಕ್ಕಿ ಪರೀಕ್ಷೆ ಪಾಸಾಗಬೇಕೆಂಬ ನಿಯಮ ಬಂದ 2019ರಲ್ಲೇ ಓಮ್ನಿಯ ತಯಾರಿಕೆ ನಿಂತಿತು. ಹದಿನೈದು ವರ್ಷ ನಾನು ಇದನ್ನು ಯೋಚಿಸಿರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿ, ಪಕ್ಕಕ್ಕಿಟ್ಟಿದ್ದೆ.

ಮನೆಗೆ ಬಂದು ಲೆಕ್ಕ ಹಾಕಿದೆವು. ಹೊರಡುವಾಗ ಟ್ಯಾಂಕ್ ತುಂಬಿಸಿದ್ದೆ. ಬಂದು ಮತ್ತೆ ತುಂಬಿಸಿದಾಗ 21 ಲೀಟರ್ ಹಿಡಿಯಿತು. 302ನ್ನು 21ರಿಂದ ಭಾಗಿಸಿ ನೋಡಿ: ಲೀಟರಿಗೆ 14 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಏಳು ಜನರ ಪ್ರಯಾಣಕ್ಕೆ ಪೆಟ್ರೋಲಿಗೆ ಸುಮಾರು 2,150 ರೂಪಾಯಿ. ಬಾಡಿಗೆ ಕಾರಿನವರು ಹೇಳಿದ್ದು 6,000. ಪುಟ್ಟಿ ಖರ್ಚಿಗೆ 18 ಕೊಟ್ಟಳು. ಜಾಗಕ್ಕೆ 17. ಕೂರುವ ಸುಖಕ್ಕೆ 13: ಅಜ್ಜಿ ಇಪ್ಪತ್ತು ಹೇಳಿದ್ದಳು, ನನ್ನ ಬೆನ್ನು ಹತ್ತು, ಚಿನ್ನು ಸೊನ್ನೆ. ಓಟಕ್ಕೆ 11. ಸುರಕ್ಷತೆಗೆ 3.

"ಒಟ್ಟು 62. ಫಸ್ಟ್ ಕ್ಲಾಸು!" ಎಂದು ನಾನು ಮೇಜು ಕುಟ್ಟಿದೆ.

"ಇಲ್ಲ ಅಜ್ಜ" ಅಂದಳು ಪುಟ್ಟಿ. "ಒಂದು ವಿಷಯದಲ್ಲಿ ಫೇಲಾದ್ರೂ ಫೇಲೇ."

ಎರಡು ದಿನ ನನಗೆ ಅವಳ ಮೇಲೆ ಸಿಟ್ಟಿತ್ತು. ಮೂರನೇ ದಿನ ನೀರಿನ ಪೈಪು ಬದಲಿಸಿದೆ, ಆರ್.ಟಿ.ಓ.ಗೆ ಹೋಗಿ ಶುಲ್ಕ ಕಟ್ಟಿ ಬಂದೆ, ಹೂವಿನವರಿಗೆ ಇಲ್ಲವೆಂದೆ. ಮಾರ್ಕ್ಸ್ ಕಾರ್ಡಿನ ಕೆಳಗೆ ಪುಟ್ಟಿಯೇ ಬರೆದಳು: ‘ಊರೊಳಗೆ ಮಾತ್ರ. ಅಜ್ಜಿಗೆ.’ ಈಗ ಅದು ಸಂತೆಗೆ, ಆಸ್ಪತ್ರೆಗೆ, ಸಂಜೆ ದೇವಸ್ಥಾನಕ್ಕೆ ಹೋಗುತ್ತದೆ, ನಲವತ್ತರ ವೇಗದಲ್ಲಿ.

ಸಂಕ್ರಾಂತಿಗೆ ಉಡುಪಿಗೆ ಹೋಗಿದ್ದು ಬಾಡಿಗೆ ಕಾರಿನಲ್ಲಿ. ಎಲ್ಲರಿಗೂ ಬೆಲ್ಟ್ ಇತ್ತು. ಬಾಗಿಲು ಎತ್ತರ, ಅಜ್ಜಿ ಹತ್ತಿ ಇಳಿಯಲೆಂದು ಅಡುಗೆಮನೆಯ ಮಣೆಯೊಂದನ್ನು ಜೊತೆಗೆ ಒಯ್ದಿದ್ದೆವು. ಅದನ್ನು ಹಾಕುವ, ತೆಗೆಯುವ ಕೆಲಸ ಚಿನ್ನುವಿನದು.